ಕೂಗರ್ ಬೆಳ್ಳಿ ನಾಣ್ಯ (ಕೆನಡಾ, 2012)

ಕೂಗರ್ ಬೆಳ್ಳಿ ನಾಣ್ಯವನ್ನು ಕೆನಡಾ ಸರ್ಕಾರದ ಟಂಕಸಾಲೆಯಾದ ರಾಯಲ್ ಕೆನಡಿಯನ್ ಮಿಂಟ್ 2012ರಲ್ಲಿ ಹೊರತಂದಿತು. ತೂಕ ಒಂದು ಟ್ರಾಯ್ ಔನ್ಸ್, ಅಂದರೆ ಸುಮಾರು 31.1 ಗ್ರಾಂ, ವ್ಯಾಸ 38 ಮಿಲಿಮೀಟರ್, ಬೆಳ್ಳಿಯ ಶುದ್ಧತೆ ಶೇ. 99.99, ಮುಖಬೆಲೆ 5 ಕೆನಡಿಯನ್ ಡಾಲರ್. 2011ರಿಂದ 2013ರವರೆಗಿನ ಇಸವಿ ಹೊತ್ತು ಬಂದ ಆರು ನಾಣ್ಯಗಳ ವನ್ಯಜೀವಿ ಮಾಲಿಕೆಯಲ್ಲಿ ಇದು ಮೂರನೆಯದು. ಇದಕ್ಕೆ ಮೊದಲು ತೋಳ ಮತ್ತು ಗ್ರಿಜ್ಲಿ ಕರಡಿಯ ನಾಣ್ಯಗಳು ಬಂದಿದ್ದವು. ನಂತರ ಮೂಸ್, ಪ್ರಾಂಗ್‌ಹಾರ್ನ್ ಹಾಗೂ ಕಾಡು ಬೈಸನ್ ಬಂದವು.

ಕೂಗರ್ (ಪ್ಯೂಮಾ ಕಾನ್‌ಕಲರ್) ಅಮೆರಿಕ ಖಂಡಗಳ ಕಾಡುಬೆಕ್ಕು. ಪ್ಯೂಮಾ, ಬೆಟ್ಟದ ಸಿಂಹ ಎಂಬವೂ ಇದರ ಹೆಸರುಗಳೇ. ಕೆನಡಾದ ಯೂಕಾನ್‌ನಿಂದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ತುದಿಯವರೆಗೆ ಇದು ಹರಡಿಕೊಂಡಿದೆ. ಪಶ್ಚಿಮ ಗೋಳಾರ್ಧದ ನೆಲವಾಸಿ ಕಾಡುಸಸ್ತನಿಗಳಲ್ಲಿ ಇಷ್ಟು ವಿಸ್ತಾರವಾದ ನೆಲೆ ಬೇರಾವುದಕ್ಕೂ ಇಲ್ಲ. ಗಾತ್ರದಲ್ಲಿ ನಮ್ಮ ಚಿರತೆಯನ್ನು ಹೋಲುತ್ತದೆ, ಆದರೆ ಬೆಳೆದ ಪ್ರಾಣಿಯ ಮೈಮೇಲೆ ಚುಕ್ಕೆಗಳಿರುವುದಿಲ್ಲ. ಮರಿಗಳಿಗೆ ಇದ್ದ ಚುಕ್ಕೆಗಳು ಬೆಳೆದಂತೆ ಮಾಸಿಹೋಗುತ್ತವೆ. ಹೆಸರಿನಲ್ಲಿ ಸಿಂಹವಿದ್ದರೂ ಇದು ಗರ್ಜಿಸಲಾರದು, ಮನೆಬೆಕ್ಕಿನಂತೆ ಗುರುಗುಟ್ಟುತ್ತದೆ. ಮುಂಗಾಲುಗಳಿಗಿಂತ ಉದ್ದವಾದ ಹಿಂಗಾಲುಗಳು ಬಂಡೆಯಿಂದ ಬಂಡೆಗೆ ನೆಗೆಯುವ ಬಲ ಕೊಡುತ್ತವೆ, ನೀಳವಾದ ಬಾಲ ಸಮತೋಲ ಕಾಯುತ್ತದೆ. ಮುಖ್ಯ ಬೇಟೆ ಜಿಂಕೆ. ಕೆನಡಾದಲ್ಲಿ ಇದು ಹೆಚ್ಚಾಗಿರುವುದು ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾದ ಬೆಟ್ಟಗಾಡುಗಳಲ್ಲಿ. ಉತ್ತರ ಅಮೆರಿಕದ ಪೂರ್ವಭಾಗದ ಬಹುತೇಕ ಕಡೆ ಬೇಟೆಯಿಂದ ಮತ್ತು ಕಾಡಿನ ನಾಶದಿಂದ ಇದು ಅಳಿದುಹೋಯಿತು. ಪೂರ್ವದ ಕೂಗರ್ ನಿರ್ನಾಮವಾಗಿದೆಯೆಂದು ಅಮೆರಿಕ ಸಂಯುಕ್ತ ಸಂಸ್ಥಾನದ ವನ್ಯಜೀವಿ ಇಲಾಖೆ 2011ರಲ್ಲಿ ಸಾರಿತು. ಅದರ ಮರುವರ್ಷವೇ ಪಕ್ಕದ ದೇಶದ ಬೆಳ್ಳಿಯ ಮೇಲೆ ಈ ಪ್ರಾಣಿಯ ರೂಪ ಮೂಡಿದ್ದು ಗಮನಾರ್ಹ.

ನಾಣ್ಯದ ಹಿಂಬದಿಯ ವಿನ್ಯಾಸ ವಿಲಿಯಂ ವುಡ್‌ರಫ್ ಅವರದು. ದೇಶದ ಹೆಸರು, ತೂಕ ಮತ್ತು ಶುದ್ಧತೆಯ ಬರಹಗಳು ಅಂಚಿನ ಸುತ್ತ ನಿಂತು, ನಡುವಿನ ಜಾಗವನ್ನು ಪ್ರಾಣಿಗೇ ಬಿಟ್ಟುಕೊಡುತ್ತವೆ. ಮುಂಬದಿಯಲ್ಲಿ ಸುಸಾನಾ ಬ್ಲಂಟ್ ರೂಪಿಸಿದ, ಕಿರೀಟವಿಲ್ಲದ ರಾಣಿ ಎರಡನೇ ಎಲಿಜಬೆತ್ ಅವರ ಮುಖ, ಮುಖಬೆಲೆ ಮತ್ತು ಇಸವಿ ಇವೆ. ಈ ಮುಖಚಿತ್ರ 2003ರಿಂದ ಕೆನಡಾದ ನಾಣ್ಯಗಳಲ್ಲಿ ಬಳಕೆಗೆ ಬಂತು.

ಮುಖಬೆಲೆ ಕಾನೂನಿನ ಮಾತಷ್ಟೇ. 5 ಡಾಲರಿಗೆ ಇದನ್ನು ಯಾರೂ ಖರ್ಚು ಮಾಡುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಬೆಳ್ಳಿಯ ದರ ಔನ್ಸಿಗೆ 49 ಅಮೆರಿಕನ್ ಡಾಲರಿನ ಹತ್ತಿರ ಹೋಗಿತ್ತು. 2012ರಲ್ಲಿ 30ರ ಆಸುಪಾಸಿನಲ್ಲಿತ್ತು. ಬೆಳ್ಳಿಯನ್ನು ಹೂಡಿಕೆಯಾಗಿ ಕೊಳ್ಳುವವರು ಹೆಚ್ಚಿದ್ದ ಆ ದಿನಗಳಲ್ಲೇ ಈ ಮಾಲಿಕೆ ಬಂತು. 1988ರಿಂದ ಪ್ರತಿವರ್ಷ ಬರುತ್ತಿರುವ ಮೇಪಲ್ ಎಲೆಯ ನಾಣ್ಯಕ್ಕೂ ಇದೇ ತೂಕ, ಇದೇ ಶುದ್ಧತೆ, ಇದೇ ಮುಖಬೆಲೆ. ವ್ಯತ್ಯಾಸವಿರುವುದು ಅಚ್ಚಿನ ಮಿತಿಯಲ್ಲಿ: ಮೇಪಲ್ ಎಲೆಯನ್ನು ಬೇಡಿಕೆಯಿದ್ದಷ್ಟು ಅಚ್ಚುಹಾಕಲಾಗುತ್ತದೆ, ವನ್ಯಜೀವಿ ಮಾಲಿಕೆಯ ಪ್ರತಿ ನಾಣ್ಯಕ್ಕೆ ಹತ್ತು ಲಕ್ಷದ ಮಿತಿಯಿತ್ತು. ಅಷ್ಟು ನಾಣ್ಯಗಳಿಗೆ ಸುಮಾರು 31 ಟನ್ ಬೆಳ್ಳಿ ಬೇಕು. ಆದ್ದರಿಂದ ಇದನ್ನು ಅಪರೂಪದ ನಾಣ್ಯವೆಂದು ಮಾರುವವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಬೆಳ್ಳಿಯ ಅಂದಂದಿನ ದರವೇ ಇದರ ಬೆಲೆಯ ತಳಹದಿ. ಅದರ ಮೇಲೆ ಸಂಗ್ರಾಹಕರು ಕೊಡುವುದು ಚಿತ್ರದ ಅಂದಕ್ಕೆ, ಆರೂ ನಾಣ್ಯಗಳ ಪೂರ್ಣ ಜೋಡಣೆಗೆ ಮತ್ತು ನಾಣ್ಯದ ಸ್ಥಿತಿಗೆ.

ಈ ಕೊನೆಯದೇ ನಿಜವಾದ ತೊಡಕು. ಇಷ್ಟು ಶುದ್ಧವಾದ ಬೆಳ್ಳಿ ಮೃದು; ಬೇಗ ಗೀರು ಬೀಳುತ್ತದೆ. ಗಾಳಿಯಲ್ಲಿನ ಗಂಧಕದ ಸಂಯುಕ್ತಗಳು ತಗುಲಿ ಕಪ್ಪಾಗುತ್ತದೆ. ಆ ಕಾಲದ ಕೆನಡಾದ ಬೆಳ್ಳಿ ನಾಣ್ಯಗಳ ಮೇಲೆ ಹಾಲು ಚೆಲ್ಲಿದಂಥ ಬಿಳಿ ಕಲೆಗಳೂ ಏಳುತ್ತವೆ. ಅಚ್ಚಿಗೆ ಮುನ್ನ ಬಿಲ್ಲೆಗಳನ್ನು ತೊಳೆದಾಗ ಉಳಿದ ರಾಸಾಯನಿಕವೇ ಇದಕ್ಕೆ ಕಾರಣವೆಂಬುದು ರೂಢಿಯ ವಿವರಣೆ. ಕಲೆಯಿಂದ ಲೋಹದ ಬೆಲೆ ತಗ್ಗದು, ಸಂಗ್ರಹಬೆಲೆ ತಗ್ಗುತ್ತದೆ. ಟಂಕಸಾಲೆ 2018ರಲ್ಲಿ ಮೇಪಲ್ ಎಲೆಯ ನಾಣ್ಯಗಳಿಗೆ ಇದನ್ನು ತಡೆಯುವ ಮೇಲ್ಮೈ ಸಂಸ್ಕರಣೆಯನ್ನು ಜಾರಿಗೆ ತಂದಿತು. 2012ರ ಕೂಗರ್‌ಗೆ ಆ ರಕ್ಷಣೆ ಇಲ್ಲ. ಇದನ್ನು ಅಂಚಿನಲ್ಲಿ ಮಾತ್ರ ಹಿಡಿದು, ಗಾಳಿಯಾಡದ ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಪಿವಿಸಿ ಹಾಳೆಯ ಚೀಲಗಳು ಬೆಳ್ಳಿಯನ್ನು ಕೆಡಿಸುತ್ತವೆ. ಹುಣಸೆಹಣ್ಣು, ವಿಭೂತಿ, ಪಾಲಿಷ್ ಯಾವುದರಿಂದಲೂ ಉಜ್ಜಬಾರದು. ಉಜ್ಜಿದ ನಾಣ್ಯ ಹೊಳೆದರೂ ಸಂಗ್ರಾಹಕರು ಅದನ್ನು ಹಾಳಾದದ್ದೆಂದೇ ಎಣಿಸುತ್ತಾರೆ.

2016ರಲ್ಲಿ ಇದೇ ಟಂಕಸಾಲೆಯಿಂದ ಬೇಟೆಯಾಡುವ ಪ್ರಾಣಿಗಳ ಹೊಸ ಮಾಲಿಕೆಯೊಂದು ಕೂಗರ್‌ನಿಂದಲೇ ಆರಂಭವಾಯಿತು. ಅದಕ್ಕೂ ಒಂದು ಔನ್ಸ್ ತೂಕ, 5 ಡಾಲರ್ ಮುಖಬೆಲೆ. ವಿನ್ಯಾಸ ಮಾತ್ರ ಬೇರೆ. ಆರು ನಾಣ್ಯಗಳ ಹಳೆಯ ಮಾಲಿಕೆಯನ್ನು ಪೂರ್ತಿ ಮಾಡಬೇಕೆನ್ನುವವರು ಕೊಳ್ಳುವ ಮುನ್ನ ಮುಂಬದಿಯಲ್ಲಿರುವ ಇಸವಿಯನ್ನು ನೋಡಿಕೊಳ್ಳಬೇಕು.