ಜಲವಿಕರ್ಷಕ ಮಣ್ಣು: ಬಲ ಮತ್ತು ಬಿಗಿತದ ಅಧ್ಯಯನದ ಇತಿಹಾಸ

ಮೇಣ, ಎಲೆಗಳ ಜಿಡ್ಡು, ಶಿಲೀಂಧ್ರಗಳು ಬಿಡುವ ಸಾವಯವ ವಸ್ತು ಮೊದಲಾದವು ಕಣಗಳ ಮೇಲೆ ತೆಳುವಾಗಿ ಲೇಪಗೊಂಡು, ನೀರು ಹರಡದೆ ಹನಿಯಾಗಿಯೇ ನಿಲ್ಲುವಂಥ ಮಣ್ಣಿಗೆ ಜಲವಿಕರ್ಷಕ ಮಣ್ಣು ಎಂದು ಹೆಸರು. ಮಳೆ ಇಂಗದಿರುವುದು ಇದರ ಎದ್ದು ಕಾಣುವ ಲಕ್ಷಣ. ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ನೀರಿನ ಬಲವೂ ಇದರಿಂದ ಕುಂದುತ್ತದೆ. ಈ ಎರಡನೆಯ ಸಂಗತಿಗೆ ವಿಜ್ಞಾನಿಗಳ ಗಮನ ಬಹಳ ತಡವಾಗಿ ಹರಿಯಿತು.

ಮೊದಲ ವರದಿಗಳು ಕೃಷಿ ಮತ್ತು ಸಸ್ಯಶಾಸ್ತ್ರದಿಂದ ಬಂದವು. 1910ರಲ್ಲಿ ಅಮೆರಿಕದ ಶ್ರೈನರ್ ಮತ್ತು ಶೋರಿ, ಕ್ಯಾಲಿಫೋರ್ನಿಯಾದ ಒಂದು ಮಣ್ಣು ನೀರನ್ನು ಒಲ್ಲದಿರುವುದಕ್ಕೆ ಅದರ ಸಾವಯವ ಅಂಶವೇ ಕಾರಣವೆಂದರು. 1917ರಲ್ಲಿ ಶಾಂಟ್ಸ್ ಮತ್ತು ಪೀಮೈಸೆಲ್, ಕೊಲರಾಡೊದ ಹುಲ್ಲುಗಾವಲಿನಲ್ಲಿ ಅಣಬೆಗಳು ಬಳೆಯಾಕಾರದಲ್ಲಿ ಹಬ್ಬಿದ ಕಡೆ ನೆಲ ಒಣಗಿಯೇ ಇರುವುದನ್ನು ದಾಖಲಿಸಿದರು. ಆಸ್ಟ್ರೇಲಿಯದ ರೈತರು ಇಂಥ ಮರಳು ಹೊಲಗಳಿಗೆ ಜೇಡಿಮಣ್ಣು ಹರಡಿ ಬೆಳೆ ಉಳಿಸಿಕೊಂಡರು. 1968ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಈ ವಿಷಯಕ್ಕೆಂದೇ ವಿಚಾರಸಂಕಿರಣ ನಡೆಯಿತು. ಅಲ್ಲಿಯವರೆಗೂ ಕೇಳುತ್ತಿದ್ದ ಮುಖ್ಯ ಪ್ರಶ್ನೆ ಒಂದೇ: ನೀರು ಒಳಗಿಳಿಯುತ್ತದೆಯೇ?

ಬಲದ ಪ್ರಶ್ನೆ ಬೇರೆಯದೇ ದಾರಿಯಲ್ಲಿ ಬೆಳೆಯುತ್ತಿತ್ತು. ಒದ್ದೆ ಮರಳಿನಲ್ಲಿ ಮಕ್ಕಳು ಕಟ್ಟುವ ಗುಬ್ಬಚ್ಚಿ ಗೂಡು ನಿಲ್ಲುವುದು ಕಣ–ಕಣದ ಸಂಧಿಯಲ್ಲಿ ಸಿಕ್ಕಿಕೊಂಡ ನೀರಿನ ಪುಟ್ಟ ಸೇತುವೆಗಳಿಂದ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಹೇನ್ಸ್ 1925ರಲ್ಲಿ ಈ ಸೇತುವೆಗಳ ಎಳೆತವನ್ನು ಲೆಕ್ಕ ಹಾಕಿದರು. ಮರುವರ್ಷವೇ ಅದರಲ್ಲಿನ ತಪ್ಪನ್ನು ತಿದ್ದಿದವರು ಅದೇ ಕೇಂದ್ರದ ಆರ್. ಎ. ಫಿಶರ್, ಸಂಖ್ಯಾಶಾಸ್ತ್ರದಲ್ಲಿ ಹೆಸರಾದ ಫಿಶರ್ ಅವರೇ. ನೀರು ಕಣವನ್ನು ಪೂರ್ತಿ ತೋಯಿಸುತ್ತದೆ ಎಂಬುದು ಆ ಲೆಕ್ಕಗಳ ತಳಹದಿ. ಸ್ವಚ್ಛ ಬೆಣಚು ಮರಳಿಗೆ ಅದು ಸರಿ, ಲೇಪ ಹೊತ್ತ ಮರಳಿಗೆ ಅಲ್ಲ.

ನೀರಿನ ಅಂಚು ಕಣದ ಮೇಲ್ಮೈಯೊಡನೆ ಮಾಡುವ ಕೋನಕ್ಕೆ ಸ್ಪರ್ಶಕೋನವೆನ್ನುತ್ತಾರೆ. 1805ರಲ್ಲಿ ಥಾಮಸ್ ಯಂಗ್ ವಿವರಿಸಿದ ಈ ಕೋನವೇ ಇಡೀ ವಿಷಯದ ಕೀಲಿ. ಒಂದೇ ಗಾತ್ರದ ಎರಡು ಗುಂಡು ಕಣಗಳ ನಡುವಿನ ಪುಟ್ಟ ಸೇತುವೆಯ ಎಳೆತ, ಕಣದ ತ್ರಿಜ್ಯ, ನೀರಿನ ಮೇಲ್ಮೈ ಎಳೆತ ಮತ್ತು ಸ್ಪರ್ಶಕೋನದ ಕೊಸೈನ್ ಇವುಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಕೋನ ಸೊನ್ನೆಯಾಗಿದ್ದರೆ, 0.2 ಮಿ.ಮೀ. ವ್ಯಾಸದ ನುಣುಪು ಬೆಣಚುಕಣಗಳ ನಡುವೆ ಈ ಎಳೆತ ಕಣದ ತೂಕದ ಸುಮಾರು 400 ಪಟ್ಟು. 60 ಡಿಗ್ರಿಗೆ ಅದು ಅರ್ಧವಾಗುತ್ತದೆ, 90ಕ್ಕೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕೋನ ಅದನ್ನೂ ಮೀರಿದರೆ ನೀರು ರಂಧ್ರದೊಳಕ್ಕೆ ತಾನಾಗಿ ಹೋಗದು, ಒತ್ತಡದಿಂದ ನೂಕಬೇಕು. ನಿಜವಾದ ಕಣಗಳು ಒರಟಾಗಿರುವುದರಿಂದ ಎಳೆತ ಈ ಲೆಕ್ಕಕ್ಕಿಂತ ಕಡಿಮೆಯೇ. ಆದರೂ ಇಳಿಮುಖ ಹಾಗೆಯೇ ಉಳಿಯುತ್ತದೆ.

ಮಣ್ಣಿನ ಬಲವನ್ನು ಅಧ್ಯಯನ ಮಾಡುತ್ತಿದ್ದ ಎಂಜಿನಿಯರ್ ಬಿಷಪ್ 1950ರ ದಶಕದಲ್ಲಿ ಕೊಟ್ಟ ಸೂತ್ರ, ರಂಧ್ರಗಳಲ್ಲಿ ಗಾಳಿ–ನೀರು ಎರಡೂ ಇರುವ ಅಪರ್ಯಾಪ್ತ ಮಣ್ಣಿಗೆ ಟೆರ್ಜಾಗಿಯವರ ಪರಿಣಾಮಿ ಪೀಡನದ ತತ್ತ್ವವನ್ನು, ಅಂದರೆ ಕಣಗಳ ಚೌಕಟ್ಟು ಹೊರುವ ಒತ್ತಡವೇ ಮಣ್ಣಿನ ಬಲವನ್ನು ನಿರ್ಧರಿಸುತ್ತದೆ ಎಂಬುದನ್ನು, ವಿಸ್ತರಿಸಿತು. ಅದರಲ್ಲಿಯೂ ಸ್ಪರ್ಶಕೋನಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ.

ಎರಡು ದಾರಿಗಳನ್ನೂ ಒಂದೇ ಇಳಿಜಾರಿಗೆ ತಂದು ನಿಲ್ಲಿಸಿದ್ದು ಕಾಡ್ಗಿಚ್ಚು. ದಕ್ಷಿಣ ಕ್ಯಾಲಿಫೋರ್ನಿಯಾದ ಕುರುಚಲು ಕಾಡುಗಳಲ್ಲಿ ಲೆನರ್ಡ್ ಡಿಬಾನೊ ಮತ್ತು ಸಂಗಡಿಗರು 1960ರ ದಶಕದಿಂದ ನಡೆಸಿದ ಅಧ್ಯಯನಗಳು, ಬೆಂಕಿಯಲ್ಲಿ ಆವಿಯಾದ ಸಾವಯವ ವಸ್ತು ಕೆಳಗಿಳಿದು ತಂಪು ಪದರದಲ್ಲಿ ಕಣಗಳ ಮೇಲೆ ಕೂರುತ್ತದೆಂದು ತೋರಿಸಿದವು. ಸುಮಾರು 175–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಕರ್ಷಣೆ ತೀವ್ರವಾಗುತ್ತದೆ. 280–400ರ ನಡುವೆ ಲೇಪವೇ ಸುಟ್ಟುಹೋಗುತ್ತದೆ. ಹೀಗೆ ಮೇಲೆ ಬೂದಿ ಬೆರೆತ ಸಡಿಲ ಮಣ್ಣು, ಅಡಿಯಲ್ಲಿ ನೀರೊಲ್ಲದ ಪದರ. ಇಂಗಲಾರದ ನೀರು, ಬಂಧ ಕಳೆದುಕೊಂಡ ಕಣಗಳನ್ನು ಸುಲಭವಾಗಿ ಕಿತ್ತೊಯ್ಯುತ್ತದೆ. ‘ಥಾಮಸ್’ ಎಂದು ಹೆಸರಿಸಲಾದ ಕಾಡ್ಗಿಚ್ಚಿನ ಬೆನ್ನಿಗೇ 2018ರ ಜನವರಿ 9ರಂದು ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಪಟ್ಟಣಕ್ಕೆ ನುಗ್ಗಿದ ಕೆಸರು–ಬಂಡೆಗಳ ಪ್ರವಾಹ 23 ಜನರನ್ನು ಬಲಿ ತೆಗೆದುಕೊಂಡಿತು. ಅಂಥ ದುರಂತಕ್ಕೆ ಸಸ್ಯಹೊದಿಕೆಯ ನಾಶ, ಮಳೆಯ ಬಿರುಸುಗಳೂ ಕಾರಣ; ವಿಕರ್ಷಣೆಯೊಂದನ್ನೇ ದೂರುವುದು ಸರಿಯಲ್ಲ.

ಪ್ರಯೋಗಾಲಯದ ಯಾಂತ್ರಿಕ ಪರೀಕ್ಷೆಗಳು ಹೆಚ್ಚಿದ್ದು 21ನೇ ಶತಮಾನದಲ್ಲಿ. ಗಾಜಿನ ಮಣಿ ಅಥವಾ ಮರಳಿಗೆ ನೀರೊಲ್ಲದಂತೆ ಮಾಡುವ ಸಿಲೇನ್ ರಾಸಾಯನಿಕ ಲೇಪಿಸಿ, ಲೇಪವಿಲ್ಲದ ಮಾದರಿಯೊಡನೆ ಹೋಲಿಸುವುದು ರೂಢಿಯ ವಿಧಾನ. ಭಾಗಶಃ ಒದ್ದೆಯಾದ ಮಾದರಿಗಳಲ್ಲಿ ವ್ಯತ್ಯಾಸ ಸ್ಪಷ್ಟ: ಲೇಪಿತ ಮರಳಿಗೆ ಒದ್ದೆಯಿಂದ ಬರಬೇಕಾದ ಹೆಚ್ಚುವರಿ ಬಲವೂ ಬಿಗಿತವೂ ದಕ್ಕುವುದಿಲ್ಲ. ಮೇಣ ಹಚ್ಚಿದ ಮರಳಿನ ಕಥೆ ಇನ್ನೊಂದು ಬಗೆಯದು. ಕ್ಯಾಲಿಫೋರ್ನಿಯಾದ ಕೃತಕ ಕುದುರೆ ಪಂದ್ಯದ ಟ್ರ್ಯಾಕ್‌ಗಳಲ್ಲಿ ಬಳಕೆಯಾದ ಇದು ನೀರನ್ನು ದೂರವಿಟ್ಟರೂ ಮೇಣದ ಅಂಟು ತಾನೇ ಕಣಗಳನ್ನು ಕೂಡಿಸುತ್ತದೆ, ಬಿಸಿಲಿಗೆ ಮೆದುವಾಗುತ್ತದೆ. ಹಾಂಗ್‌ಕಾಂಗ್‌ನ ಸಂಶೋಧಕರು ಇಳಿಜಾರುಗಳಿಗೆ ಮಳೆನೀರು ನುಗ್ಗದಂತೆ ಜಲವಿಕರ್ಷಕ ಲೇಪವಿರುವ ಮಣ್ಣನ್ನೇ ಹೊದಿಕೆಯಾಗಿ ಹರಡುವ ಸಾಧ್ಯತೆಯನ್ನು ಪರೀಕ್ಷಿಸುತ್ತ ಬಂದಿದ್ದಾರೆ.