ಅರ್ಜಿಯ ಹಿಂದಿನ ರಾತ್ರಿ

ಎಂ.ಎ. ಇತಿಹಾಸದ ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು ಅಂಕೋಲೆಯ ರೈತ ಚಳವಳಿ. ಹಟ್ಟಿಕೇರಿಯ ಮನೆಯ ಜಗುಲಿಯಲ್ಲಿ ಕೂತು ಹೇಳಿದಾಗ ಅಜ್ಜಿ ನಕ್ಕಳು: "ಗೇಣಿ ಅಳೆದವರು ನಾವು, ಪಾಸಾಗುವವ ನೀನು!"

ಮಾತು ಚುಚ್ಚಿತು. ಗ್ರಂಥಾಲಯದಲ್ಲಿ ನಾನು ಗುರುತು ಹಾಕಿಕೊಂಡಿದ್ದೆಲ್ಲ ನಾಯಕರ ಹೆಸರುಗಳೇ. ಅಲಗೇರಿಯ ದಿನಕರ ದೇಸಾಯಿಯವರೂ ಇತಿಹಾಸದ ವಿದ್ಯಾರ್ಥಿಯೇ. ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರ ಬಗ್ಗೆ ಸಂಶೋಧನೆ ಮಾಡಿದವರು. ಹಳೆಯ ಸಾಮಂತರನ್ನು ಶಾಸನಗಳಲ್ಲಿ ಓದಿದ ಅವರು ಊರಿನಲ್ಲಿ ತಮ್ಮ ಕಾಲದ ಒಡೆಯರೆದುರು ಗೇಣಿದಾರರನ್ನು ಸಂಘಟಿಸಿದರು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ಶಾಲೆಗಳನ್ನು ತೆರೆದರು.

ಇಷ್ಟು ಬರೆದ ಮೇಲೆ ಪ್ರಶ್ನೆಯೊಂದು ಉಳಿಯಿತು: ಮುಂದಾಳು ಜಿಲ್ಲೆಯಲ್ಲೇ ಇಲ್ಲದ ವರ್ಷಗಳಲ್ಲಿ ಆ ಮಾತನ್ನು ಮನೆಮನೆಯಲ್ಲಿ ಉಳಿಸಿಕೊಂಡವರು ಯಾರು?

ಅಜ್ಜಿ ಪೆಟ್ಟಿಗೆಯಿಂದ ಮಡಿಚಿದ ಕಾಗದವೊಂದನ್ನು ತೆಗೆದಳು. 1974ರ ಭೂಸುಧಾರಣಾ ಕಾನೂನಿನ ಏಳನೇ ನಮೂನೆಯ ಅರ್ಜಿಯ ಪ್ರತಿ.

"ಇದನ್ನು ಕೊಡೂ ಹಿಂದಿನ ರಾತ್ರಿ ನಿನ್ನ ಅಜ್ಜಂಗೆ ನಿದ್ದೆ ಇಲ್ಲ. ಒಡೆಯರ ಮುಖ ಹ್ಯಾಂಗೆ ನೋಡೂದು ಅಂತ. ಬೆಳಗಾದ ಮೇಲೆ ನಾನೇ ಎಬ್ಬಿಸಿ ಕಳಿಸ್ದೆ."

ಕಾನೂನು ಬೆಂಗಳೂರಿನಲ್ಲಿ ಆಯಿತು. ಒಡೆಯರ ಮುಖ ನೋಡುವ ಧೈರ್ಯ ಮಾತ್ರ ಇಲ್ಲಿಯೇ, ಮೂರು ದಶಕಗಳಿಗೂ ಹೆಚ್ಚು ಕಾಲ, ಗದ್ದೆಯ ಬದುವಿನಲ್ಲಿ ಬೆಳೆಯಬೇಕಾಯಿತು. ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಹರಿದುಹಾಕಿ ಆ ರಾತ್ರಿಯಿಂದಲೇ ಮತ್ತೆ ಆರಂಭಿಸಿದೆ.