ಲಸಿಕೆಯ ಐಎಲ್‌ಆರ್ ಮತ್ತು ಅದರ ಉಸ್ತುವಾರಿ: ತಾಪಮಾನ ಮಾಪಕದ ವಿನ್ಯಾಸ ಕುರಿತು

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಸ್-ಲೈನ್ಡ್ ರೆಫ್ರಿಜರೇಟರ್, ಅಂದರೆ ಐಎಲ್‌ಆರ್‌ನ ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನವಿರಬೇಕು. ಅದನ್ನು ದಿನಕ್ಕೆರಡು ಬಾರಿ ನೋಡಿ ಪುಸ್ತಕದಲ್ಲಿ ಬರೆಯುವುದು ವಾಡಿಕೆ. ಆದರೆ ಆ ಎರಡು ಗಳಿಗೆಗಳ ನಡುವಿನ ರಾತ್ರಿಯ ಬಗ್ಗೆ ಪುಸ್ತಕ ಏನನ್ನೂ ಹೇಳುವುದಿಲ್ಲ. ಈ ಕೊರತೆ ತುಂಬಲು ಸತತವಾಗಿ ದಾಖಲಿಸುವ ಮಾಪಕಗಳು ಬಂದವು. 2015ರಿಂದ ಜಾರಿಗೆ ಬಂದ ಇವಿನ್ (ಎಲೆಕ್ಟ್ರಾನಿಕ್ ಲಸಿಕೆ ಮಾಹಿತಿ ಜಾಲ) ವ್ಯವಸ್ಥೆಯಲ್ಲಿ ಐಎಲ್‌ಆರ್‌ನೊಳಗಿನ ಸಂವೇದಕ ಸಿಮ್ ಮೂಲಕ ತಾಪಮಾನವನ್ನು ಕಳಿಸುತ್ತದೆ. ಏರುಪೇರಾದರೆ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ.

ಅಳತೆಯ ಸಮಸ್ಯೆ ಹೀಗೆ ಬಹುಮಟ್ಟಿಗೆ ಬಗೆಹರಿದಿದೆ. ಸಂದೇಶ ಓದಿದವರು ಮುಂದೇನು ಮಾಡಬೇಕು ಎಂಬುದೇ ಈಗ ವಿನ್ಯಾಸಕರ ಮುಂದಿರುವ ನಿಜವಾದ ಪ್ರಶ್ನೆ ಎಂಬುದು ನನ್ನ ವಾದ.

ಮಾಪಕಗಳ ರೂಢಿಯ ಎಚ್ಚರಿಕೆ ಮಿತಿಗಳನ್ನೇ ನೋಡಿ. 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಇದ್ದರೆ ಎಚ್ಚರಿಕೆ, ಮೈನಸ್ 0.5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 60 ನಿಮಿಷ ಇದ್ದರೇ ಸಾಕು. ಏಕೆಂದರೆ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಟಿಡಿ (ಟೆಟನಸ್-ಡಿಫ್ತೀರಿಯಾ) ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿದೆ. ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟುಗಟ್ಟಿ ಲಸಿಕೆ ಸತ್ವ ಕಳೆದುಕೊಳ್ಳುತ್ತದೆ, ಕರಗಿಸಿದರೂ ಮರಳಿ ಬರುವುದಿಲ್ಲ. ಸೀಸೆಯ ಮೇಲಿನ ವಿವಿಎಂ (ವ್ಯಾಕ್ಸಿನ್ ವೈಯಲ್ ಮಾನಿಟರ್) ಗುರುತು ಶಾಖದ ಹಾನಿಯನ್ನಷ್ಟೇ ತೋರುತ್ತದೆ. ಹಾಗಾಗಿ ಹೆಪ್ಪುಗಟ್ಟಿ ಕೆಟ್ಟ ಲಸಿಕೆ ನೋಡಲು ಚೆನ್ನಾಗಿಯೇ ಇದ್ದು ಮಗುವಿನ ಮೈ ಸೇರಬಹುದು. ತಣ್ಣಗಿದ್ದಷ್ಟೂ ಲಸಿಕೆಗೆ ಒಳ್ಳೆಯದು ಎಂಬ ನಂಬಿಕೆಯೂ ಜೊತೆಗಿದ್ದರೆ, ಶಾಖ ಮತ್ತು ಹೆಪ್ಪುಗಟ್ಟುವಿಕೆ ಎಂಬ ಎರಡೂ ಅಪಾಯಕ್ಕೆ ಒಂದೇ ಕೆಂಪು ದೀಪ, ಒಂದೇ ಬೀಪ್ ಸದ್ದು ಕೊಡುವ ಯಂತ್ರ ಅಪೂರ್ಣವೆನ್ನಲೇಬೇಕು.

ಬಳಕೆದಾರರ ಅಧ್ಯಯನ ಬೇಕಾಗುವುದು ಇಲ್ಲಿ. ‘ಈ ಯಂತ್ರ ಸುಲಭವಾಗಿದೆಯೇ?’ ಎಂದು ಕೇಳಿದರೆ, ಮೇಲಿನಿಂದ ಬಂದವರ ಮುಂದೆ ಫಾರ್ಮಸಿಸ್ಟ್ ‘ಹೌದು ಸಾರ್’ ಎಂದೇ ಹೇಳುತ್ತಾರೆ. ಅದರ ಬದಲು ಪರದೆಯ ಚಿತ್ರವನ್ನು ಕಾಗದದಲ್ಲಿ ಬರೆದು ಕೈಗಿತ್ತು, ‘ಈಗ ಏನು ಮಾಡುತ್ತೀರಿ?’ ಎಂದು ಕೇಳಿ, ಐಎಲ್‌ಆರ್ ಮುಂದೆಯೇ ಮಾಡಿ ತೋರಿಸಲು ಹೇಳಬೇಕು. ಕರೆಂಟ್ ಹೋಗಿ ತಾಪ ಏರುತ್ತಿದ್ದಾಗ ಅವರ ಕೈ ಮೊದಲು ಮುಚ್ಚಳಕ್ಕೆ ಹೋದರೆ, ‘ಮುಚ್ಚಳ ತೆರೆಯಬೇಡಿ’ ಎಂಬ ಮಾತು ಅಂಕಿಗಿಂತ ಮೊದಲು ಕಾಣಬೇಕು. ಹೆಪ್ಪುಗಟ್ಟುವ ಎಚ್ಚರಿಕೆಗೆ ಬೇರೆಯೇ ಮಾತು: ಅಲ್ಯೂಮಿನಿಯಂ ಇರುವ ಸೀಸೆಗಳನ್ನು ಬೇರೆ ಇಡಿ, ಪರೀಕ್ಷೆಯಾಗುವವರೆಗೆ ಬಳಸಬೇಡಿ.

ರಾತ್ರಿಯ ಸಂದೇಶ ಯಾರ ಮೊಬೈಲಿಗೆ ಹೋಗಬೇಕೆಂಬುದೂ ವಿನ್ಯಾಸದ ಭಾಗವೇ. ಉಸ್ತುವಾರಿ ವಹಿಸಿದವರು ರಜೆಯಲ್ಲಿದ್ದರೆ, ಬದಲಿ ಸಿಬ್ಬಂದಿಯ ನಂಬರನ್ನು ಕೇಂದ್ರದಲ್ಲೇ, ತಂತ್ರಜ್ಞರ ಹಂಗಿಲ್ಲದೆ ಸೇರಿಸಲು ಬರುವಂತಿರಬೇಕು.